ಕಾಮಾಲೆ ಬಂದಾಗ ಕಣ್ಣಷ್ಟೇ ಅಲ್ಲ, ಮಾತನ್ನೂ ನೋಡಿ

ರಾತ್ರಿ ಎರಡು ಗಂಟೆ. ಬಿ.ಜಿ. ಕೆರೆಯ ನಮ್ಮ ಚಿಕ್ಕಪ್ಪನ ಮನೆ ಅಡುಗೆಮನೆಯಿಂದ ಪಾತ್ರೆ ಸದ್ದು. ಬೆಕ್ಕಿರಬೇಕು ಅಂತ ಚಿಕ್ಕಮ್ಮ ಎದ್ದು ಹೋಗಿ ಲೈಟ್ ಹಾಕಿದರೆ, ಎಂಟು ತಿಂಗಳ ಬಸುರಿ ಮಗಳು ಕತ್ತಲಲ್ಲೇ ಕೂತು ಹಾಲಿನ ಪಾತ್ರೆಗೆ ರಾಗಿ ಹಿಟ್ಟು ಸುರಿದು ಕಲಸ್ತಾ ಇದ್ದಳಂತೆ. "ಏನೇ ಇದು?" ಅಂದರೆ, "ಮಕ್ಕಳು ಸ್ಕೂಲಿಗೆ ಹೊಲ್ಡ್ತಾವೆ, ಟೈಮಾತು" ಅಂದಳು. ಅವಳಿಗೆ ಆಗಿನ್ನೂ ಮಕ್ಕಳೇ ಇರಲಿಲ್ಲ. ಅದು ಚೊಚ್ಚಲ ಬಸುರು.

ಇದು ನಡೆದದ್ದು 2019ರ ಮೇ ತಿಂಗಳಲ್ಲಿ. ಸೀಮಂತ ಮುಗಿಸಿಕೊಂಡು ತವರಿಗೆ ಬಂದಿದ್ದ ನನ್ನ ತಂಗಿಗೆ, ಅಂದರೆ ಚಿಕ್ಕಪ್ಪನ ಮಗಳಿಗೆ, ಐದು ದಿನದಿಂದ ಕಣ್ಣು ಹಳದಿಯಾಗಿತ್ತು. ಊಟ ಸೇರುತ್ತಿರಲಿಲ್ಲ. ಮೂತ್ರ ಕಡು ಹಳದಿ. ಕಾಮಾಲೆ ಅಂತ ಮನೆಯವರಿಗೆಲ್ಲ ಗೊತ್ತಾಗಿತ್ತು. ಕಾಮಾಲೆ ತಾನೆ, ಯಾರಿಗೆ ಬಂದಿಲ್ಲ? ನಮ್ಮ ಮೊಳಕಾಲ್ಮುರು ಕಡೆ ಅದಕ್ಕೆ ನಾಟಿ ಔಷಧಿ ಕೊಡುವವರಿಗೇನೂ ಬರವಿಲ್ಲ. ಒಬ್ಬರು ಬೆಳಗ್ಗೆ ಖಾಲಿ ಹೊಟ್ಟೆಗೆ ಸೊಪ್ಪಿನ ರಸ ಕೊಟ್ಟರು, ಇನ್ನೊಬ್ಬರು ಮುಂಗೈ ಮೇಲೆ ಬರೆ ಹಾಕಿದರು. ಉಪ್ಪು, ಎಣ್ಣೆ, ಅರಿಶಿನ ಬಿಡಿಸಿ ಬರೀ ಗಂಜಿ ಕುಡಿಸಿದರು. ಎಲ್ಲರೂ ಅವಳ ಕಣ್ಣನ್ನೇ ನೋಡುತ್ತಿದ್ದರು. ಇವತ್ತು ಹಳದಿ ಕಮ್ಮಿ ಆಯ್ತಾ, ನಿನ್ನೆಗಿಂತ ಜಾಸ್ತಿ ಇದೆಯಾ ಅಂತ.

ಅವಳ ಮಾತನ್ನ ಯಾರೂ ನೋಡಲಿಲ್ಲ. ನೋಡಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ. ಬೆಂಗಳೂರಿನಲ್ಲಿ ಕೂತು ದಿನಾ ಫೋನ್ ಮಾಡುತ್ತಿದ್ದ ಬಿ.ಎ. ಓದಿದ ನನಗೂ ಗೊತ್ತಿರಲಿಲ್ಲ. ಅದಕ್ಕೇ ಇದನ್ನ ಬರೆಯುತ್ತಿದ್ದೇನೆ.

ಆಮೇಲೆ ಕೂತು ಲೆಕ್ಕ ಹಾಕಿದಾಗ ಒಂದೊಂದೇ ನೆನಪಿಗೆ ಬಂತು. ಆ ರಾತ್ರಿಗಿಂತ ಎರಡು ದಿನ ಮೊದಲೇ ಅವಳು ಹಗಲೆಲ್ಲ ಮಲಗಿ ರಾತ್ರಿಯೆಲ್ಲ ಎದ್ದು ಕೂರುತ್ತಿದ್ದಳು. ಬಸುರಿ ಹೆಂಗಸು, ಸೆಕೆ ಬೇರೆ, ನಿದ್ದೆ ಬರಲ್ಲ ಬಿಡು ಅಂದರು. ಎಂದೂ ಎದುರಾಡದ ಹುಡುಗಿ ಅಪ್ಪನ ಮೇಲೆ ತಟ್ಟೆ ಎಸೆದಳು. ಬಯಕೆಯ ಹಟ ಅಂದರು. ಹಿಂದಿನ ದಿನ ಬೆಳಗ್ಗೆ ಹೊಸಲ ಮುಂದೆ ಚುಕ್ಕಿ ರಂಗೋಲಿ ಹಾಕಲು ಹೋಗಿ ಗೆರೆಯೆಲ್ಲ ಚುಕ್ಕಿ ಬಿಟ್ಟು ಎಲ್ಲೆಲ್ಲೋ ಹರಿಸಿದ್ದಳು. ಏಳನೇ ಕ್ಲಾಸಿನಿಂದ ರಂಗೋಲಿ ಸ್ಪರ್ಧೆಯಲ್ಲಿ ಪ್ರೈಜ್ ತಗೊಂಡವಳು! ಅಕ್ಕಪಕ್ಕದವರು ನೋಡಿ ನಕ್ಕರಂತೆ, ಅವಳೂ ನಕ್ಕಳಂತೆ. ಆ ವಕ್ರ ರಂಗೋಲಿಯಲ್ಲೇ ಕಾಯಿಲೆ ಮೆದುಳಿಗೆ ಏರಿದ್ದು ಬರೆದಿಟ್ಟಂತಿತ್ತು, ಓದುವವರು ಇರಲಿಲ್ಲ ಅಷ್ಟೆ.

ರಾಗಿ ಹಿಟ್ಟಿನ ರಾತ್ರಿ ಕಳೆದ ಮೇಲೆ "ಗಾಳಿ ಸೋಕಿದೆ" ಅಂದವರು ಒಬ್ಬರು. ಇನ್ನೂ ಬೇಸರದ ಸಂಗತಿ ಅಂದರೆ, ಬೆಳಗ್ಗೆ ಒಂದು ಸಣ್ಣ ಕ್ಲಿನಿಕ್‌ಗೆ ಕರೆದುಕೊಂಡು ಹೋದಾಗ, ರಾತ್ರಿ ನಿದ್ದೆ ಇಲ್ಲ, ಏನೇನೋ ಮಾತಾಡ್ತಾಳೆ ಅಂತ ಹೇಳಿದ್ದಕ್ಕೆ ಅಲ್ಲಿ ನಿದ್ದೆಯ ಇಂಜೆಕ್ಷನ್ ಕೊಟ್ಟು ಕಳಿಸಿದರು. ಮಧ್ಯಾಹ್ನದ ಹೊತ್ತಿಗೆ ಎಷ್ಟು ಅಲುಗಿಸಿದರೂ ಅವಳು ಏಳಲಿಲ್ಲ. ಆಗ ಚಿಕ್ಕಪ್ಪ ಗಾಡಿ ಮಾಡಿಕೊಂಡು ರಾಂಪುರದ ಮೇಲೆ ಬಳ್ಳಾರಿಗೆ ಹೊರಟರು.

ಲಿವರ್ ಕೆಟ್ಟರೆ ತಲೆಗೇನು?

ಬಳ್ಳಾರಿಯ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ ಹೆಸರು ಅಕ್ಯೂಟ್ ಲಿವರ್ ಫೇಲ್ಯೂರ್. ಮೊದಲು ಚೆನ್ನಾಗಿಯೇ ಇದ್ದ ಲಿವರ್ ಕೆಲವೇ ದಿನ, ಕೆಲವೇ ವಾರಗಳಲ್ಲಿ ಏಕಾಏಕಿ ಕೈಚೆಲ್ಲುವುದು. ವರ್ಷಗಟ್ಟಲೆ ಕುಡಿದು ಲಿವರ್ ಕೆಡಿಸಿಕೊಂಡವರ ಕಥೆ ನಾವೆಲ್ಲ ಕೇಳಿದ್ದೇವೆ. ಇದು ಅದಲ್ಲ. ಕುಡಿತದ ಮುಖವನ್ನೇ ನೋಡದ ಗೃಹಿಣಿಗೆ, ಶಾಲೆಗೆ ಹೋಗುವ ಮಗುವಿಗೆ, ಹದಿನೆಂಟರ ಹುಡುಗಿಗೆ ಬರಬಹುದಾದ್ದು. ಹೆಚ್ಚಿನ ಕಾಮಾಲೆಗಳು ಹೀಗಾಗುವುದಿಲ್ಲ, ತಾವಾಗಿಯೇ ವಾಸಿಯಾಗುತ್ತವೆ. ಆದರೆ ಆಗುವ ಆ ಕೆಲವರನ್ನು ಗುರುತು ಹಿಡಿಯುವುದು ಮನೆಯವರ ಕೈಯಲ್ಲೇ ಇದೆ. ಮೊದಲ ಲಕ್ಷಣ ಕಾಣಿಸೋದು ಆಸ್ಪತ್ರೆಯಲ್ಲಲ್ಲ, ಅಡುಗೆಮನೆಯಲ್ಲಿ.

ಡಾಕ್ಟರು ವಿವರಿಸಿದ್ದನ್ನ, ಆಮೇಲೆ ನಾನು ಓದಿ ತಿಳಿದುಕೊಂಡದ್ದನ್ನ ಸೇರಿಸಿ ಹೇಳ್ತೀನಿ. ನಾವು ತಿಂದ ಬೇಳೆ, ಹಾಲು, ಮೊಟ್ಟೆಯ ಪ್ರೋಟೀನಿನಿಂದ ಕರುಳಿನಲ್ಲಿ ಅಮೋನಿಯ ಅನ್ನೋ ವಿಷ ದಿನಾ ತಯಾರಾಗುತ್ತೆ. ನಮ್ಮ ಲಿವರ್ ಅದನ್ನ ಹಿಡಿದು ಯೂರಿಯಾ ಮಾಡಿ ಮೂತ್ರದ ದಾರಿಗೆ ಕಳಿಸುತ್ತೆ. ಲಿವರ್ ಕೆಲಸ ನಿಲ್ಲಿಸಿದಾಗ ಅಮೋನಿಯ ರಕ್ತದ ಜೊತೆ ನೇರ ಮೆದುಳಿಗೆ ಹೋಗುತ್ತೆ. ಮೆದುಳಿನಲ್ಲಿ ಆಸ್ಟ್ರೋಸೈಟ್ ಅಂತ ನಕ್ಷತ್ರದ ಆಕಾರದ ಜೀವಕೋಶಗಳಿವೆ. ಮೆದುಳಿನ ಉಳಿದ ಕೋಶಗಳಿಗೆ ಉಣಿಸಿ ತಿನಿಸಿ ನೋಡಿಕೊಳ್ಳುವ ಗೃಹಿಣಿಯರು ಇವು ಅಂದರೂ ತಪ್ಪಿಲ್ಲ. ಬಂದ ವಿಷವನ್ನೆಲ್ಲ ಇವು ತಮ್ಮೊಳಗೆ ಎಳೆದುಕೊಂಡು ಗ್ಲುಟಮಿನ್ ಆಗಿ ಬದಲಾಯಿಸುತ್ತವೆ. ಆ ಗ್ಲುಟಮಿನ್ ನೀರನ್ನ ಎಳೆಯುತ್ತೆ. ನೆನೆಹಾಕಿದ ಕಡಲೆಯ ಹಾಗೆ ಕೋಶ ಊದಿಕೊಳ್ಳುತ್ತೆ.

ಕಾಲು ಊದಿದರೆ ಚರ್ಮ ಹಿಗ್ಗುತ್ತೆ. ತಲೆಬುರುಡೆ ಹಿಗ್ಗಲ್ಲ. ಊದಿದ ಮೆದುಳಿಗೆ ಹೋಗಲು ಜಾಗವಿಲ್ಲದೆ ಒಳಗೇ ಒತ್ತಡ ಏರುತ್ತೆ, ರಕ್ತ ಹೋಗುವ ದಾರಿ ಕಟ್ಟುತ್ತೆ. ಲಿವರ್ ಕಾಯಿಲೆ ಅಂತ ಸೇರಿಸಿದವರನ್ನ ನಾವು ಕಳೆದುಕೊಳ್ಳುವುದು ಎಷ್ಟೋ ಸಲ ಮೆದುಳಿನ ಊತದಿಂದ. ನಿಧಾನವಾಗಿ ಲಿವರ್ ಕೆಟ್ಟವರಲ್ಲಿ ಮೆದುಳಿಗೆ ಹೊಂದಿಕೊಳ್ಳಲು ಸಮಯ ಸಿಗುತ್ತೆ, ಇಷ್ಟು ಊದುವುದು ಅಪರೂಪ. ಇಲ್ಲಿ ಆ ಸಮಯವೇ ಇಲ್ಲ. ಇದರಲ್ಲಿ ಒಂದು ಸಮಾಧಾನವೂ ಇದೆ. ಲಿವರ್ ತನ್ನನ್ನ ತಾನೇ ಮತ್ತೆ ಬೆಳೆಸಿಕೊಳ್ಳುವ ಅಂಗ. ಅದು ಎದ್ದು ನಿಲ್ಲುವವರೆಗೆ ಮೆದುಳನ್ನ ಕಾಪಾಡಿಕೊಂಡರೆ ಮನುಷ್ಯ ಉಳಿಯಬಹುದು.

ಗಾಬರಿ ಬೇಡ, ಗಮನ ಇರಲಿ

ಹಾಗಾದರೆ ಮನೆಯಲ್ಲಿ ನೋಡಬೇಕಾದ್ದೇನು? ಡಾಕ್ಟರುಗಳು ಇದನ್ನ ನಾಲ್ಕು ಹಂತ ಮಾಡುತ್ತಾರೆ. ಮೂರನೆಯದ್ದು ಎಬ್ಬಿಸಿದರೆ ಕಷ್ಟದಲ್ಲಿ ಕಣ್ಣು ಬಿಡುವುದು, ನಾಲ್ಕನೆಯದ್ದು ಎಚ್ಚರವೇ ತಪ್ಪುವುದು. ಅವೆರಡು ಯಾರ ಕಣ್ಣಿಗಾದರೂ ಬೀಳುತ್ತವೆ. ನಾವು ಹಿಡಿಯಬೇಕಾದ್ದು ಮೊದಲೆರಡನ್ನ. ಹಗಲು ನಿದ್ದೆ, ರಾತ್ರಿ ಎಚ್ಚರ. ಕಾರಣವಿಲ್ಲದ ಸಿಟ್ಟು, ಇಲ್ಲವೇ ಕಾರಣವಿಲ್ಲದ ನಗು. ಕೇಳಿದ್ದಕ್ಕೆ ತಡವಾಗಿ ಉತ್ತರ. ಇವತ್ತು ಯಾವ ವಾರ ಅಂದರೆ ತಪ್ಪು ಹೇಳುವುದು. ಸಕ್ಕರೆ ಡಬ್ಬಕ್ಕೆ ಉಪ್ಪು ಹಾಕುವುದು. ಮಾತು ತೊದಲುವುದು.

ಸಂಶಯ ಬಂದರೆ ಇಪ್ಪತ್ತರಿಂದ ಒಂದರವರೆಗೆ ಹಿಂದಕ್ಕೆ ಎಣಿಸಲು ಹೇಳಿ. ಒಂದು ಹಾಳೆ ಮೇಲೆ ಸಹಿ ಮಾಡಿಸಿ, ಹಳೆಯ ಸಹಿಯ ಪಕ್ಕ ಇಟ್ಟು ನೋಡಿ. ನಕ್ಷತ್ರ ಬರೆಯಲು ಹೇಳಿ ಅಂತ ಡಾಕ್ಟರುಗಳ ಪುಸ್ತಕದಲ್ಲಿದೆ. ನಮ್ಮ ಹೆಣ್ಣುಮಕ್ಕಳಿಗೆ ನಾಲ್ಕು ಚುಕ್ಕಿ ಇಟ್ಟು ರಂಗೋಲಿ ಎಳೆ ಅನ್ನಿ, ಅದೂ ಅದೇ ಪರೀಕ್ಷೆ. ಎರಡೂ ಕೈ ಮುಂದೆ ಚಾಚಿ, ಬಸ್ ನಿಲ್ಲಿಸುವ ಹಾಗೆ ಅಂಗೈ ಎತ್ತಿ ಹಿಡಿಯಲು ಹೇಳಿ. ಮಣಿಕಟ್ಟು ಹಕ್ಕಿ ರೆಕ್ಕೆಯಂತೆ ಪಟಪಟ ಬೀಳುತ್ತಿದ್ದರೆ ಅದು ದೊಡ್ಡ ಸೂಚನೆ. ಚಿಕ್ಕ ಮಕ್ಕಳಲ್ಲಿ ಇವೆಲ್ಲ ನಡೆಯಲ್ಲ. ಅಲ್ಲಿ ತಾಯಿಯ ಮನಸ್ಸೇ ಪರೀಕ್ಷೆ. "ನನ್ನ ಮಗು ಎಂದಿನಂತಿಲ್ಲ" ಅಂತ ನಿಮಗೆ ಅನ್ನಿಸಿದರೆ ಸಾಕು, ಡಾಕ್ಟರ ಮುಂದೆ ಸಂಕೋಚ ಬಿಟ್ಟು ಹೇಳಿ.

ಕಾಮಾಲೆ ಇರುವವರಲ್ಲಿ ಇವುಗಳಲ್ಲಿ ಒಂದು ಕಂಡರೂ ಅದು ಆ ದಿನವೇ, ಆ ಗಂಟೆಯೇ ಆಸ್ಪತ್ರೆಗೆ ಹೋಗಬೇಕಾದ ಕಾರಣ. ನಾಳೆ ನೋಡೋಣ ಅನ್ನುವ ಮಾತೇ ಇಲ್ಲ. ಮೊದಲ ಹಂತದಿಂದ ನಾಲ್ಕಕ್ಕೆ ಹೋಗಲು ಕೆಲವೊಮ್ಮೆ ಒಂದು ರಾತ್ರಿ ಸಾಕು.

ಹೋಗುವಾಗ ಏನು ಮಾಡಬಾರದು ಅನ್ನೋದು ಇನ್ನೂ ಮುಖ್ಯ. ನಿದ್ದೆ ಮಾತ್ರೆ, ನಿದ್ದೆಯ ಇಂಜೆಕ್ಷನ್ ಬೇಡವೇ ಬೇಡ. ಕೆಟ್ಟ ಲಿವರ್ ಅದನ್ನ ಕರಗಿಸಲಾರದು, ಮೇಲಾಗಿ ಮಂಪರು ಬಂದಿದ್ದು ಕಾಯಿಲೆಯಿಂದಲೋ ಔಷಧಿಯಿಂದಲೋ ಅಂತ ಮುಂದಿನ ಡಾಕ್ಟರಿಗೂ ಗೊತ್ತಾಗಲ್ಲ. ಕೊಡಲು ಬಂದರೆ "ಇವರಿಗೆ ಕಾಮಾಲೆ ಇದೆ" ಅಂತ ಗಟ್ಟಿಯಾಗಿ ಹೇಳಿ. ಮಂಪರಿನಲ್ಲಿರುವವರ ಬಾಯಿಗೆ ಎಳನೀರು, ತೀರ್ಥ ಯಾವುದನ್ನೂ ಹಾಕಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತೆ. ಒಂದು ಪಕ್ಕಕ್ಕೆ ಮಲಗಿಸಿ, 108ಕ್ಕೆ ಫೋನ್ ಮಾಡಿ. ಹದಿನೈದು ದಿನದಿಂದ ತಗೊಂಡ ಮಾತ್ರೆ ಪಟ್ಟಿ, ನಾಟಿ ಔಷಧಿಯ ಪೊಟ್ಟಣ ಎಲ್ಲ ಒಂದು ಚೀಲಕ್ಕೆ ಹಾಕಿಕೊಳ್ಳಿ. ಬೈತಾರೆ ಅಂತ ನಾಟಿ ಔಷಧಿಯ ವಿಷಯ ಮುಚ್ಚಿಡಬೇಡಿ.

ಆಸ್ಪತ್ರೆಯಲ್ಲಿ ಕೇಳಬೇಕಾದ ಒಂದು ಪರೀಕ್ಷೆಯ ಹೆಸರು ನೆನಪಿಟ್ಟುಕೊಳ್ಳಿ, ಪಿಟಿ-ಐಎನ್‌ಆರ್. ರಕ್ತ ಹೆಪ್ಪುಗಟ್ಟಲು ಬೇಕಾದ ಅಂಶಗಳನ್ನ ಮಾಡುವುದು ಲಿವರ್. ಅದು ಸೋತಾಗ ಈ ಅಂಕಿ ಏರುತ್ತೆ. ನಾವೆಲ್ಲ ಬಿಲಿರುಬಿನ್ ಎಷ್ಟು ಎಷ್ಟು ಅಂತ ಜಪ ಮಾಡ್ತೀವಿ. ಬಿಲಿರುಬಿನ್ ಹದಿನೈದಿದ್ದು ಆರಾಮಾಗಿ ಮನೆಗೆ ಹೋದವರಿದ್ದಾರೆ. ಆದರೆ ಐಎನ್‌ಆರ್ 1.5 ದಾಟಿ, ಜೊತೆಗೆ ಬುದ್ಧಿ ಮಂಕಾದರೆ ಅದನ್ನೇ ಅಕ್ಯೂಟ್ ಲಿವರ್ ಫೇಲ್ಯೂರ್ ಅನ್ನುವುದು. ರಕ್ತದ ಸಕ್ಕರೆಯನ್ನೂ ತಕ್ಷಣ ನೋಡಿಸಬೇಕು. ಲಿವರ್ ಕೆಟ್ಟಾಗ ಸಕ್ಕರೆ ದಿಢೀರನೆ ಇಳಿಯುತ್ತೆ, ಅದೂ ಮೆದುಳಿಗೆ ಪೆಟ್ಟೇ. ಬರೀ ಗಂಜಿ ಮೇಲೆ ಇಟ್ಟಿದ್ದ ನನ್ನ ತಂಗಿಗೆ ಆಸ್ಪತ್ರೆ ತಲುಪಿದಾಗ ಸಕ್ಕರೆ ತೀರಾ ಇಳಿದಿತ್ತು.

ಹೆಸರು ಕೂಗಬಾರದ ಕೋಣೆ

ಐಸಿಯುನಲ್ಲಿ ಅವಳಿಗೆ ಏನು ಮಾಡಿದರು ಅನ್ನೋದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕೆಂದರೆ ಹೊರಗೆ ಕೂತವರಿಗೆ ಒಳಗಿನದ್ದು ಅರ್ಥವಾಗದೆ ಬೇಡದ ಸಂಶಯ ಹುಟ್ಟುತ್ತೆ.

ಮಂಚದ ತಲೆಭಾಗವನ್ನ ಮೂವತ್ತು ಡಿಗ್ರಿ ಎತ್ತಿದ್ದರು. ಕುತ್ತಿಗೆ ನೆಟ್ಟಗೆ, ಯಾವ ಪಕ್ಕಕ್ಕೂ ವಾಲದ ಹಾಗೆ. ಮೆದುಳಿನಿಂದ ರಕ್ತ ಸಲೀಸಾಗಿ ಕೆಳಗಿಳಿಯಲಿ ಅಂತ. ಉಸಿರಾಟಕ್ಕೆ ವೆಂಟಿಲೇಟರ್. ವೆಂಟಿಲೇಟರ್ ಅಂದ ಕೂಡಲೇ ಮುಗೀತು ಅಂತ ನಾವು ಅಳೋಕೆ ಶುರು ಮಾಡಿದೆವು. ಮುಗಿದದ್ದಕ್ಕಲ್ಲ, ಎಚ್ಚರ ತಪ್ಪಿದವರ ಉಸಿರುದಾರಿ ಕಾಯೋಕೆ, ಮೆದುಳಿಗೆ ವಿಶ್ರಾಂತಿ ಕೊಡೋಕೆ ಅಂತ ಸಿಸ್ಟರ್ ಹೇಳಿದರು. ಅಲ್ಲಿ ಕೊಡುವ ನಿದ್ದೆಯ ಔಷಧಿ ಉಸಿರಿಗೆ ಯಂತ್ರದ ಆಸರೆ ಇಟ್ಟುಕೊಂಡು, ಅಳೆದು ಕೊಡುವಂಥದ್ದು. ಕ್ಲಿನಿಕ್‌ನ ಇಂಜೆಕ್ಷನ್‌ಗೂ ಇದಕ್ಕೂ ಅಜಗಜಾಂತರ.

ಲೈಟು ಮಂದ, ಸದ್ದಿಲ್ಲ. ಚಿಕ್ಕಮ್ಮನನ್ನ ಎರಡು ನಿಮಿಷ ಒಳಗೆ ಬಿಟ್ಟಾಗ, ಹೆಸರು ಹಿಡಿದು ಕೂಗಬೇಡಿ, ಅಲುಗಿಸಬೇಡಿ ಅಂದರು. ಇಂಥ ಸ್ಥಿತಿಯಲ್ಲಿ ಜೋರು ಸದ್ದು, ಅಲುಗಾಟ, ಕೆಮ್ಮು ಎಲ್ಲವೂ ತಲೆಯೊಳಗಿನ ಒತ್ತಡ ಏರಿಸುತ್ತವೆ. ಹೆತ್ತ ಮಗಳ ಪಕ್ಕ ನಿಂತು ಹೆಸರು ಕರೆಯದೆ ಬರುವುದಿದೆಯಲ್ಲ, ಸೆರಗು ಬಾಯಿಗೆ ತುರುಕಿಕೊಂಡು ಹೊರಗೆ ಬಂದಳು ಚಿಕ್ಕಮ್ಮ.

ಡ್ರಿಪ್‌ನಲ್ಲಿ ಹೋಗುತ್ತಿದ್ದದ್ದು ಮಾಮೂಲಿ ಗ್ಲೂಕೋಸ್ ಮಾತ್ರ ಅಲ್ಲ, ಗಾಢವಾದ ಉಪ್ಪುನೀರು ಕೂಡ. ರಕ್ತದಲ್ಲಿ ಸೋಡಿಯಂ 145ರಿಂದ 150ರ ನಡುವೆ ಇಟ್ಟರೆ ಊದಿದ ಮೆದುಳಿನಿಂದ ನೀರು ರಕ್ತಕ್ಕೆ ಎಳೆದುಕೊಳ್ಳುತ್ತದಂತೆ. ಉಪ್ಪಿನಕಾಯಿಗೆ ಹೋಳು ಉಪ್ಪಲ್ಲಿ ಕಲಸಿಟ್ಟರೆ ನೀರು ಬಿಡೋದಿಲ್ಲವೆ, ಅದೇ ತತ್ವ. ಹಾಗಂತ ಮನೆಯಲ್ಲಿ ಉಪ್ಪುನೀರು ಕುಡಿಸೀರಿ, ಜೋಕೆ! ಕಿಡ್ನಿ ಚೆನ್ನಾಗಿದ್ದರೂ ಡಯಾಲಿಸಿಸ್ ಹಾಕಿದರು. ಕಿಡ್ನಿಗೇನಾಯ್ತು ಅಂತ ಚಿಕ್ಕಪ್ಪ ಗಲಾಟೆ ಮಾಡಿಬಿಟ್ಟರು. ಅದು ಕಿಡ್ನಿಗಲ್ಲ, ರಕ್ತದ ಅಮೋನಿಯ ತೊಳೆಯೋಕೆ. ಅಮೋನಿಯ 150 ಮೈಕ್ರೋಮೋಲ್ ದಾಟಿದವರಲ್ಲಿ ಮೆದುಳು ಊದುವ ಭಯ ಹೆಚ್ಚು. ಈ ರೀತಿ ನಿಧಾನವಾಗಿ, ಬಿಡುವಿಲ್ಲದೆ ನಡೆಯುವ ಡಯಾಲಿಸಿಸ್ ಬೇಗ ಶುರು ಮಾಡಿದಷ್ಟೂ ಒಳ್ಳೆಯದು ಅನ್ನುವುದು ಈಗಿನ ತಿಳಿವಳಿಕೆ. ಜೊತೆಗೆ ಎನ್-ಅಸಿಟೈಲ್ ಸಿಸ್ಟೀನ್ ಅನ್ನುವ ಔಷಧಿ, ಸೋಂಕು ತಗಲದಂತೆ ಕಾವಲು, ಜ್ವರ ಬಾರದಂತೆ ಎಚ್ಚರ, ಗಳಿಗೆಗೊಮ್ಮೆ ಸಕ್ಕರೆ ಪರೀಕ್ಷೆ.

ಕೆಲವು ದೊಡ್ಡ ಕೇಂದ್ರಗಳಲ್ಲಿ ಪ್ಲಾಸ್ಮಾ ಎಕ್ಸ್‌ಚೇಂಜ್ ಮಾಡುತ್ತಾರೆ, ವಿಷ ತುಂಬಿದ ಪ್ಲಾಸ್ಮಾ ತೆಗೆದು ದಾನಿಗಳ ಪ್ಲಾಸ್ಮಾ ಹಾಕುವುದು. 2016ರಲ್ಲಿ ಪ್ರಕಟವಾದ ಯುರೋಪಿನ ಒಂದು ಅಧ್ಯಯನದಲ್ಲಿ 182 ರೋಗಿಗಳಿದ್ದರು. ಇದನ್ನ ಮಾಡಿಸಿಕೊಂಡವರಲ್ಲಿ ನೂರಕ್ಕೆ ಸುಮಾರು 59 ಜನ ಬದುಕಿ ಮನೆಗೆ ಹೋದರು, ಉಳಿದವರಲ್ಲಿ 48. ನಮ್ಮ ಪಕ್ಕದ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯವರು ಕಡಿಮೆ ಪ್ರಮಾಣದ ಪ್ಲಾಸ್ಮಾದಲ್ಲೇ ಇದನ್ನ ಮಾಡುವ ವಿಧಾನದ ಮೇಲೆ ಕೆಲಸ ಮಾಡಿದ್ದಾರೆ. ಯಾವುದಕ್ಕೂ ಲಿವರ್ ಏಳದಿದ್ದರೆ ಕೊನೆಯದಾಗಿ ಲಿವರ್ ಕಸಿ. ನಮ್ಮ ರಾಜ್ಯದಲ್ಲಿ ದಾನಿಗಳ ಅಂಗ ಹಂಚುವುದು ಜೀವಸಾರ್ಥಕತೆ ಸಂಸ್ಥೆ. ಅಕ್ಯೂಟ್ ಲಿವರ್ ಫೇಲ್ಯೂರ್ ಆದವರಿಗೆ ತುರ್ತು ಪಟ್ಟಿಯಲ್ಲಿ ಮೊದಲ ಆದ್ಯತೆ ಇರುತ್ತೆ. ಮನೆಯವರೇ ಲಿವರ್‌ನ ಒಂದು ಭಾಗ ಕೊಡಲೂಬಹುದು. ಆದರೆ ಮೆದುಳಿಗೆ ಸರಿಪಡಿಸಲಾಗದ ಪೆಟ್ಟು ಬಿದ್ದ ಮೇಲೆ ಕಸಿ ಮಾಡಿ ಫಲವಿಲ್ಲ. ಅದಕ್ಕೇ ಮೊದಲೆರಡು ಹಂತದಲ್ಲಿರುವಾಗಲೇ ಕಸಿ ಸೌಲಭ್ಯ ಇರುವ ಕೇಂದ್ರಕ್ಕೆ ಫೋನಿನಲ್ಲಾದರೂ ಮಾತಾಡಿಸಿ ಅಂತ ನಿಮ್ಮ ಡಾಕ್ಟರನ್ನ ಕೇಳಿ. ಹಂತ ಮೂರು ದಾಟಿದ ಮೇಲೆ ಸಾಗಿಸುವುದೇ ಕಷ್ಟ.

ಇದೆಲ್ಲ ಮಾಡಿ ಪ್ರಯೋಜನ ಉಂಟಾ ಅಂತ ಕೇಳುವವರಿಗೆ ಒಂದು ಲೆಕ್ಕ. ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆ ತನ್ನ ರೋಗಿಗಳ ಮೂರು ದಶಕಕ್ಕೂ ಹೆಚ್ಚಿನ ದಾಖಲೆ ಪ್ರಕಟಿಸಿದೆ. 1984-88ರಲ್ಲಿ ಇಂಥ ರೋಗಿಗಳಲ್ಲಿ ನೂರಕ್ಕೆ 76 ಜನರಿಗೆ ತಲೆಯೊಳಗಿನ ಒತ್ತಡ ಏರುತ್ತಿತ್ತು. 2004-08ರ ಹೊತ್ತಿಗೆ ಅದು 20ಕ್ಕೆ ಇಳಿದಿತ್ತು. ಹೊಸ ಮಾಯಾಮಾತ್ರೆ ಏನೂ ಬಂದಿರಲಿಲ್ಲ. ಬೇಗ ಬಂದರು, ಮೇಲೆ ಹೇಳಿದಂಥ ಆರೈಕೆ ಮೊದಲೇ ಶುರುವಾಯಿತು, ಬೇಕಾದವರಿಗೆ ಕಸಿ ಆಯಿತು.

ಕಾರಣ ನಮ್ಮ ಮನೆಯಲ್ಲೇ

ತಂಗಿಗೆ ಬಂದಿದ್ದು ಹೆಪಟೈಟಿಸ್ ಇ. ಕೊಳಕು ನೀರಿನಿಂದ ಬರುವ ವೈರಸ್. ಸಾಮಾನ್ಯರಿಗೆ ಬಂದರೆ ಕೆಲವು ವಾರ ಸುಸ್ತು ಮಾಡಿ ಹೋಗುತ್ತೆ. ಬಸುರಿಯರಿಗೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ ಬಂದರೆ ನೂರಕ್ಕೆ 20ರಿಂದ 25ರವರೆಗೆ ಜೀವ ಹೋಗಬಹುದು. ಈ ವೈರಸ್ಸಿಗೂ ನಮ್ಮ ದೇಶಕ್ಕೂ ಹಳೆಯ ನಂಟು. 1955-56ರಲ್ಲಿ ದೆಹಲಿಯಲ್ಲಿ ಕುಡಿಯುವ ನೀರಿಗೆ ಚರಂಡಿ ನೀರು ಸೇರಿ ಸುಮಾರು 29 ಸಾವಿರ ಜನರಿಗೆ ಕಾಮಾಲೆ ಬಂದಿತ್ತು. ಆಗ ಯಾವ ವೈರಸ್ ಅಂತ ತಿಳಿದಿರಲಿಲ್ಲ, ಎಷ್ಟೋ ವರ್ಷದ ಮೇಲೆ ಇದೇ ಅಂತ ಗೊತ್ತಾಯಿತು. ಅದೆಲ್ಲೋ ದೆಹಲಿ ಅನ್ನಬೇಡಿ. ಕಾಯಿಲೆ ಬೇರೆಯಾದರೂ, 2023ರ ಆಗಸ್ಟ್‌ನಲ್ಲಿ ನಮ್ಮ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ವಾಂತಿ ಭೇದಿಯಾಗಿ ಜನ ಸತ್ತದ್ದನ್ನ ನೀವೂ ಓದಿರುತ್ತೀರಿ. ಬೇಸಿಗೆಯಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನ ಬರುವಾಗ, ಖಾಲಿ ಪೈಪು ಅಕ್ಕಪಕ್ಕದ ಚರಂಡಿ ನೀರನ್ನ ಒಳಗೆಳೆದುಕೊಳ್ಳುತ್ತೆ. ಹಾಗಾಗಿ ಮನೆಯಲ್ಲಿ ಬಸುರಿ ಇದ್ದರೆ ನೀರು ಕೊತಕೊತ ಕುದಿಸಿ ಆರಿಸಿ ಕೊಡಿ. ತವರಿನ ಉಪಚಾರ ಅಂತ ರಸ್ತೆಬದಿಯ ಐಸ್ ಹಾಕಿದ ಕಬ್ಬಿನ ಹಾಲು ತರಿಸಬೇಡಿ. ಕಾಮಾಲೆಗೆ ಕಬ್ಬಿನ ಹಾಲು ಒಳ್ಳೆಯದು ಅಂತ ಅಲ್ಲಿಂದಲೇ ತಂದು ಕುಡಿಸುವುದನ್ನ ನೋಡಿದರೆ ನಗಬೇಕೋ ಅಳಬೇಕೋ ಗೊತ್ತಾಗಲ್ಲ.

ಮಕ್ಕಳಿಗೆ ಹೆಚ್ಚಾಗಿ ಬರುವುದು ಹೆಪಟೈಟಿಸ್ ಎ. ಅದಕ್ಕೆ ಲಸಿಕೆ ಇದೆ, ಮಕ್ಕಳ ಡಾಕ್ಟರನ್ನ ಕೇಳಿ. ಹೆಪಟೈಟಿಸ್ ಬಿ ಲಸಿಕೆಯಂತೂ ಹುಟ್ಟಿದ 24 ಗಂಟೆಯೊಳಗೆ ಸರ್ಕಾರದ ಕಾರ್ಯಕ್ರಮದಲ್ಲೇ ಉಚಿತವಾಗಿ ಸಿಗುತ್ತೆ.

ನಾಟಿ ಔಷಧಿಯಿಂದ ಎಷ್ಟು ಜನಕ್ಕೆ ವಾಸಿಯಾಗಿಲ್ಲ ಅಂತ ನಮ್ಮ ಚಿಕ್ಕಪ್ಪ ಇವತ್ತಿಗೂ ವಾದಿಸುತ್ತಾರೆ. ನಿಜ, ವಾಸಿಯಾಗಿದೆ. ಎ ಮತ್ತು ಇ ವೈರಸ್ಸಿನ ಕಾಮಾಲೆ ಬಹುಪಾಲು ಜನರಿಗೆ ಏನೂ ಕೊಡದಿದ್ದರೂ ವಾಸಿಯಾಗುತ್ತೆ. ಹೆಸರು ಸೊಪ್ಪಿಗೆ ಬರುತ್ತೆ. ಸೊಪ್ಪಿನ ರಸ ಕುಡಿದೂ ಉಳಿಯದವರ ಲೆಕ್ಕ ಯಾರೂ ಇಟ್ಟಿಲ್ಲ. ಗಿಡಮೂಲಿಕೆ ಅಂದಮಾತ್ರಕ್ಕೆ ಲಿವರ್‌ಗೆ ನಿರಪಾಯ ಅಂತಲೂ ಇಲ್ಲ. ಕೊರೋನಾ ಕಾಲದಲ್ಲಿ ನಾವೆಲ್ಲ ಅಮೃತಬಳ್ಳಿ ಕಷಾಯ ಕುಡಿದೆವಲ್ಲ, 2021ರಲ್ಲಿ ಮುಂಬೈನ ಡಾಕ್ಟರುಗಳು ಅದನ್ನ ಸೇವಿಸುತ್ತಿದ್ದ ಕೆಲವರಲ್ಲಿ ಲಿವರ್ ಉರಿಯೂತ ಕಂಡದ್ದನ್ನ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನ ಒಪ್ಪಲಿಲ್ಲ, ವಾದ ನಡೆಯಿತು. ನನ್ನ ಮಟ್ಟಿಗೆ, ಲಿವರ್ ಆಗಲೇ ಸುಸ್ತಾಗಿರುವಾಗ ಅದರ ಮೇಲೆ ಇನ್ನೊಂದು ಹೊರೆ ಯಾಕೆ ಅನ್ನೋದಷ್ಟೇ.

ನಮ್ಮ ಇಂಗ್ಲಿಷ್ ಮಾತ್ರೆಗಳೂ ಸಾಧು ಅಲ್ಲ. ಜ್ವರ, ಮೈಕೈ ನೋವಿಗೆ ನುಂಗುವ ಪ್ಯಾರಾಸಿಟಮಾಲ್ ಆರೋಗ್ಯವಂತ ದೊಡ್ಡವರಿಗೂ ದಿನಕ್ಕೆ 4 ಗ್ರಾಂ ಮೀರಬಾರದು. 650ರ ಮಾತ್ರೆ ಲೆಕ್ಕದಲ್ಲಿ ಆರು. ನೆಗಡಿ ಮಾತ್ರೆಯಲ್ಲೂ ಅದೇ ಇರುತ್ತೆ ಅನ್ನೋದನ್ನ ಮರೆತು ಎರಡನ್ನೂ ನುಂಗುವವರು ನಾವು. ಊಟ ಬಿಟ್ಟವರಿಗೆ, ಲಿವರ್ ತೊಂದರೆ ಇರುವವರಿಗೆ ಮಿತಿ ಇನ್ನೂ ಕಡಿಮೆ, ಡಾಕ್ಟರನ್ನ ಕೇಳಿಯೇ ತಗೊಳ್ಳಿ. ನಮ್ಮ ದೇಶದಲ್ಲಿ ಇದಕ್ಕಿಂತ ಹೆಚ್ಚು ಕಾಣುವುದು ಟಿ.ಬಿ. ಔಷಧಿಯ ಪರಿಣಾಮ. ಟಿ.ಬಿ. ಮಾತ್ರೆ ತಗೊಳ್ಳುವಾಗ ವಾಂತಿ, ಊಟ ಸೇರದಿರುವುದು, ಮೂತ್ರ ಕಡು ಹಳದಿ ಕಂಡರೆ ಮುಂದಿನ ಮಾತ್ರೆಗೆ ಮೊದಲೇ ಆಸ್ಪತ್ರೆಗೆ ಹೋಗಿ. ನೀವೇ ಪೂರ್ತಿ ಬಿಟ್ಟುಬಿಡುವುದೂ ತಪ್ಪು, ಅವರು ಬದಲಿ ಔಷಧಿ ಕೊಡುತ್ತಾರೆ.

ಇನ್ನೊಂದು ವಿಷಯ ನಮ್ಮೂರಿಗೆ ಹತ್ತಿರದ್ದು. ಶೇಂಗಾ ಬೆಳೆಯುವ ಸೀಮೆ ನಮ್ಮದು. ಮನೆಯಲ್ಲಿ ಶೇಂಗಾ ಮೂಟೆ, ಮೂಟೆ ಅಂದರೆ ಇಲಿ, ಇಲಿ ಅಂದರೆ ಪಾಷಾಣ. ಟ್ಯೂಬಿನಲ್ಲಿ ಬರುವ ಇಲಿ ಪೇಸ್ಟ್‌ಗಳಲ್ಲಿ ಕೆಲವದರಲ್ಲಿ ಹಳದಿ ರಂಜಕ ಇರುತ್ತೆ. ದಕ್ಷಿಣ ಭಾರತದಲ್ಲಿ ಅಕ್ಯೂಟ್ ಲಿವರ್ ಫೇಲ್ಯೂರ್‌ಗೆ ಇದೊಂದು ದೊಡ್ಡ ಕಾರಣ. ಮಗು ಟೂತ್‌ಪೇಸ್ಟ್ ಅಂದುಕೊಂಡು ಬಾಯಿಗಿಟ್ಟಿತು ಅನ್ನಿ, ಮೊದಲ ಒಂದೆರಡು ದಿನ ಆರಾಮಾಗಿ ಆಡಿಕೊಂಡಿರಬಹುದು. ಏನೂ ಆಗಲಿಲ್ಲ ಅಂತ ನಾವು ನಿಟ್ಟುಸಿರು ಬಿಡುತ್ತೇವೆ. ಲಿವರ್ ಕೆಡುವುದು ಆಮೇಲೆ. ಆದ್ದರಿಂದ ನಾಲಿಗೆಗೆ ತಾಗಿದೆ ಅಂತ ಸಂಶಯ ಬಂದರೂ, ಚೆನ್ನಾಗಿದ್ದರೂ, ತಕ್ಷಣ ಟ್ಯೂಬ್ ಸಮೇತ ಆಸ್ಪತ್ರೆಗೆ ಹೋಗಿ. ಇಂಥದ್ದನ್ನ ಮನೆಗೇ ತರಬೇಡಿ ಅನ್ನೋದು ನನ್ನ ಸಲಹೆ. ಬೋನು ಸಾಕು, ಬೆಕ್ಕಿದ್ದರೆ ಇನ್ನೂ ವಾಸಿ. ಮನಸ್ಸು ಕೆಟ್ಟ ಗಳಿಗೆಯಲ್ಲಿ ಕೈಗೆ ಸಿಗುವ ಹಾಗೆ ಮನೆಯಲ್ಲಿ ವಿಷ ಇಲ್ಲದಿದ್ದರೆ ಎಷ್ಟೋ ಜೀವ ಉಳಿಯುತ್ತವೆ. ಮನೆಯಲ್ಲಿ ಯಾರಾದರೂ ಬದುಕೇ ಬೇಡ ಅನ್ನುವ ಮಾತಾಡುತ್ತಿದ್ದರೆ, ಅಥವಾ ನಿಮಗೇ ಹಾಗನ್ನಿಸುತ್ತಿದ್ದರೆ, ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ತಂಗಿಯ ವಿಷಯ ಅರ್ಧಕ್ಕೆ ಬಿಟ್ಟೆ. ಐಸಿಯು ಸೇರಿದ ಮೂರನೇ ದಿನ ಹೊಟ್ಟೆಯಲ್ಲಿದ್ದ ಮಗುವಿನ ಎದೆಬಡಿತ ನಿಂತಿತು. ಗಂಡು ಮಗು. ಒಂಬತ್ತನೇ ದಿನ ಅವಳ ಐಎನ್‌ಆರ್ ಇಳಿಯೋಕೆ ಶುರುವಾಯಿತು, ಹನ್ನೊಂದಕ್ಕೆ ವೆಂಟಿಲೇಟರ್ ತೆಗೆದರು. ಕಣ್ಣು ಬಿಟ್ಟವಳು ಮೊದಲು ಕೇಳಿದ್ದು, "ಅಮ್ಮ ಯಾಕೆ ಮಾತಾಡ್ತಿಲ್ಲ?" ಅಂತ. ಮಗಳ ಮುಂದೆ ಬಾಯಿ ಮುಚ್ಚಿ ನಿಂತು ನಿಂತು ಚಿಕ್ಕಮ್ಮನಿಗೆ ಅದೇ ರೂಢಿಯಾಗಿತ್ತು. ಮಗುವಿನ ವಿಷಯ ಹೇಳಲು ಇನ್ನೂ ಎರಡು ದಿನ ತಗೊಂಡೆವು.

ಅವಳಿಗೆ ಆ ದಿನಗಳ ನೆನಪೇ ಇಲ್ಲ. ಹಾಲಿಗೆ ರಾಗಿ ಹಿಟ್ಟು ಕಲಸಿದ್ದು, ಅಪ್ಪನ ಮೇಲೆ ತಟ್ಟೆ ಎಸೆದದ್ದು ಏನೂ ಇಲ್ಲ. ಕೆಲವು ತಿಂಗಳು ಹೆಸರುಗಳು ಮರೆಯುತ್ತಿದ್ದವು, ಲೆಕ್ಕ ತಪ್ಪುತ್ತಿತ್ತು. ಆಮೇಲೆ ಸರಿಹೋಯಿತು. ಮತ್ತೆ ಬಸುರಾಗಬಹುದಾ ಅಂತ ಅವಳ ಗಂಡ ಹೆದರಿ ಹೆದರಿ ಕೇಳಿದಾಗ ಡಾಕ್ಟರು, ಲಿವರ್ ಪೂರ್ತಿ ಚೇತರಿಸಿಕೊಂಡಿದೆ, ಒಂದು ವರ್ಷ ಬಿಟ್ಟು ಧಾರಾಳವಾಗಿ ಅಂದರು. 2022ರಲ್ಲಿ ಹೆಣ್ಣು ಮಗು ಆಯಿತು. ಆ ಸಲವೂ ಬಾಣಂತನ ಬಿ.ಜಿ. ಕೆರೆಯಲ್ಲೇ. ಹಿತ್ತಲಲ್ಲಿ ಒಲೆ ಹೂಡಿ ಹಂಡೆಯಲ್ಲಿ ನೀರು ಕುದಿಸಿ, ಆರಿಸಿ, ಬಟ್ಟೆ ಕಟ್ಟಿದ ಕೊಡದಲ್ಲಿ ತುಂಬಿಡುತ್ತಿದ್ದವರು ಚಿಕ್ಕಪ್ಪ. ಆ ಕೊಡಕ್ಕೆ ಬೇರೆಯವರು ಲೋಟ ಅದ್ದಿದರೆ ಜಗಳಕ್ಕೇ ಬರುತ್ತಿದ್ದರು.